ಕೇಳಿ, ಹೇಳ್ತೀನಿ: ಮೊದಲು ನೀರಿನ ಮೇಲೆ ಮಲಗೋಣ, ಆಮೇಲೆ ಹವಳ ನೋಡೋಣ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಅಂಡಮಾನ್, ಲಕ್ಷದ್ವೀಪಕ್ಕೆ ಹೋಗುವವರು ಈಗ ಜಾಸ್ತಿಯಾಗಿದ್ದಾರೆ. ಹೋದವರೆಲ್ಲ ಸ್ನಾರ್ಕೆಲಿಂಗ್ ಮಾಡಬೇಕು ಅಂತಾರೆ. ಮುಖಕ್ಕೆ ಮಾಸ್ಕ್ ಹಾಕಿ, ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿಕೊಂಡು, ನೀರಿನ ಮೇಲೆ ಬೋರಲಾಗಿ ತೇಲುತ್ತಾ ಕೆಳಗಿನ ಹವಳ, ಮೀನು ನೋಡುವುದು. ನಾನು ದಾವಣಗೆರೆಯಲ್ಲಿ ದೊಡ್ಡವರಿಗೆ, ಅದರಲ್ಲೂ ಹೆಂಗಸರಿಗೆ ಈಜು ಕಲಿಸುತ್ತೇನೆ. ಜಗಳೂರು ಕಡೆಯ ಹಳ್ಳಿಯವಳು. ಸೊಂಟಕ್ಕೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವಳು. ಸಮುದ್ರ ನೋಡಿದ್ದು ಬಹಳ ತಡವಾಗಿ. ಹವಳ ನೋಡಿದ ಮೇಲೆ ಮಾತ್ರ ಅದರ ಗುಂಗು ಬಿಟ್ಟಿಲ್ಲ. ಅದಕ್ಕೇ ಈ ಪತ್ರಗಳಿಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆದಿದ್ದೇನೆ.

ನನಗೆ 52, ನಮ್ಮ ಯಜಮಾನರಿಗೆ 58 ವರ್ಷ. ಮಗ ಏಪ್ರಿಲ್‌ನಲ್ಲಿ ಅಂಡಮಾನಿಗೆ ಕರೆದುಕೊಂಡು ಹೋಗುತ್ತಾನೆ. ನಮ್ಮಿಬ್ಬರಿಗೂ ಈಜು ಬರುವುದಿಲ್ಲ. ಲೈಫ್ ಜಾಕೆಟ್ ಕೊಡುತ್ತಾರೆ, ಏನೂ ಆಗಲ್ಲ ಅಂತಾನೆ. ನಾವು ನೀರಿಗೆ ಇಳಿಯಬಹುದಾ?
– ಕೆ. ಎಸ್., ದಾವಣಗೆರೆ

ಇಳಿಯಬಹುದು, ತಯಾರಿ ಮಾಡಿಕೊಂಡು. ಲೈಫ್ ಜಾಕೆಟ್ ನಿಮ್ಮನ್ನು ಮುಳುಗಲು ಬಿಡುವುದಿಲ್ಲ ನಿಜ. ಗಾಬರಿಯನ್ನು ಅದು ತಡೆಯುವುದಿಲ್ಲ. ತೊಂದರೆ ಶುರುವಾಗುವುದೇ ಗಾಬರಿಯಿಂದ. ಕೊಳವೆಯೊಳಗೆ ಒಂದು ಗುಟುಕು ಉಪ್ಪುನೀರು ನುಗ್ಗುತ್ತದೆ. ಕೆಮ್ಮು ಬರುತ್ತದೆ. ಉಸಿರು ಏರುತ್ತದೆ, ಕೈಕಾಲು ಬಡಿಯುತ್ತೀರಿ. ಕಾಲು ತಾನಾಗಿ ನೆಲ ಹುಡುಕುತ್ತದೆ. ಅಲ್ಲಿ ಕಾಲಿಗೆ ಸಿಗುವುದು ಹವಳ. ನಿಮ್ಮ ಪಾದ ಹರಿಯುತ್ತದೆ, ಎಷ್ಟೋ ವರ್ಷ ಬೆಳೆದ ಹವಳ ಮುರಿಯುತ್ತದೆ.

ಹಾಗಾಗಿ ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಈಜು ಹೇಳಿಕೊಡುವುದಿಲ್ಲ. ಚಾಪೆ ಮೇಲೆ ಬೋರಲು ಮಲಗಿದ ಹಾಗೆ ನೀರಿನ ಮೇಲೆ ಮಲಗುವುದನ್ನು ಹೇಳಿಕೊಡುತ್ತೇನೆ. ಸುಮ್ನೆ ಮಲಗಲು ಬಂದವರು ಕಾಲು ಊರುವುದಿಲ್ಲ. ನೀವು ಉಳಿಯುವುದೂ ಹವಳ ಉಳಿಯುವುದೂ ಈ ಒಂದೇ ಅಭ್ಯಾಸದಿಂದ. ಏಪ್ರಿಲ್‌ಗೆ ಇನ್ನೂ ಸಮಯವಿದೆ. ಹೀಗೆ ಮಾಡಿ.

ಇಬ್ಬರೂ ನಿಮ್ಮದೇ ಆದ ಮಾಸ್ಕ್, ಕೊಳವೆ ಕೊಂಡುಕೊಳ್ಳಿ. ಈಜುಕೊಳದಲ್ಲಿ ಹಾಕುವ ಕನ್ನಡಕ ನಡೆಯುವುದಿಲ್ಲ. ಮೂಗೂ ಒಳಗೆ ಸೇರುವಂಥ ಮಾಸ್ಕ್ ಬೇಕು. ಅಂಗಡಿಯಲ್ಲೇ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರು ಎಳೆದುಕೊಳ್ಳಿ. ಕೈ ಬಿಟ್ಟರೂ ಮಾಸ್ಕ್ ಮುಖಕ್ಕೆ ಅಂಟಿಕೊಂಡೇ ಇದ್ದರೆ ಅದು ನಿಮ್ಮದು. ಬಿದ್ದರೆ ಬೇರೆ ನೋಡಿ. ಮುಖ ಪೂರ್ತಿ ಮುಚ್ಚುವ ಹೊಸ ಥರದ ಮಾಸ್ಕ್ ತೋರಿಸುತ್ತಾರೆ. ಬೇಡ ಅಂತಲೇ ನನ್ನ ಸಲಹೆ. ಕೆಲವು ಮಾಸ್ಕ್‌ಗಳಲ್ಲಿ ಬಿಟ್ಟ ಉಸಿರು ಪೂರ್ತಿ ಹೊರಗೆ ಹೋಗದೆ ಒಳಗೇ ಸುತ್ತುತ್ತದೆ. ಗಾಬರಿಯಾದಾಗ ಬೇಗ ಕಿತ್ತುಹಾಕುವುದೂ ಕಷ್ಟ.

ಮನೆಗೆ ತಂದ ಮೇಲೆ ಬಚ್ಚಲಲ್ಲಿ ಒಂದು ಟಬ್ ತುಂಬ ನೀರು ಇಟ್ಟು, ಸ್ಟೂಲ್ ಮೇಲೆ ಕುಳಿತು, ಮಾಸ್ಕ್ ಹಾಕಿ ಮುಖ ಅದ್ದಿ. ಬಾಯಿಂದ ಮಾತ್ರ ಉಸಿರಾಡಿ. ನಿಧಾನವಾಗಿ ಎಳೆದುಕೊಳ್ಳಿ, ಅದಕ್ಕಿಂತ ನಿಧಾನವಾಗಿ ಬಿಡಿ. ಮೊದಲ ದಿನ ಮೂಗು ಕೇಳುವುದಿಲ್ಲ. ಜೀವಮಾನವಿಡೀ ಮೂಗಿನಿಂದಲೇ ಉಸಿರಾಡಿದ್ದೇವೆ, ಅಲ್ವಾ? ದಿನಾ ಸ್ವಲ್ಪ ಹೊತ್ತು ಕುಳಿತರೆ ದೇಹ ಒಪ್ಪಿಕೊಳ್ಳುತ್ತದೆ. ಆಮೇಲೆ ಬೇಕಂತಲೇ ಕೊಳವೆಗೆ ಸ್ವಲ್ಪ ನೀರು ಬಿಟ್ಟುಕೊಂಡು 'ಥೂ' ಅಂತ ಜೋರಾಗಿ ಊದಿ ಹೊರಗೆ ಹಾಕಿ. ಇದು ಬಂದರೆ ಅರ್ಧ ಭಯ ಹೋದಂತೆ. ಮಾಸ್ಕ್ ಒಳಗೆ ನೀರು ಬಂದರೆ ಅದರ ಮೇಲ್ಭಾಗವನ್ನು ಹಣೆಗೆ ಒತ್ತಿ ಹಿಡಿದು, ತಲೆ ಸ್ವಲ್ಪ ಎತ್ತಿ, ಮೂಗಿನಿಂದ ಉಸಿರು ಬಿಡಿ. ನೀರು ಕೆಳಗಿನಿಂದ ಹೋಗುತ್ತದೆ.

ಮುಂದೆ ಈಜುಕೊಳ. ಎದೆಮಟ್ಟದ ನೀರು ಸಾಕು. ಪಕ್ಕದಲ್ಲಿ ಕಲಿಸುವವರು ಇರಲಿ. ಕಂಬಿ ಹಿಡಿದು ಬೋರಲು ಮಲಗಿ, ಉಸಿರಾಡುತ್ತಾ ಇರಿ. ನೆಲದ ಟೈಲ್ಸ್ ಎಣಿಸಿ. ಬೇಜಾರಾಗುವವರೆಗೆ ಮಾಡಿ. ನೀರಿನಲ್ಲಿ ಬೇಜಾರಾಗುವುದು ಒಳ್ಳೆಯ ಲಕ್ಷಣ, ಭಯ ಇರುವವರಿಗೆ ಬೇಜಾರಾಗುವುದಿಲ್ಲ. ಇಲ್ಲಿ ಇಷ್ಟು ಕಲಿತವರಿಗೆ ಸಮುದ್ರ ಇನ್ನೂ ಸುಲಭ. ಒಂದು ಲೀಟರ್ ಸಮುದ್ರದ ನೀರು ಸುಮಾರು 1,025 ಗ್ರಾಂ ತೂಗುತ್ತದೆ. ಸಿಹಿನೀರಿಗಿಂತ ಭಾರ. ಆ ಉಪ್ಪು ನಿಮ್ಮನ್ನು ಇಲ್ಲಿಗಿಂತ ಚೆನ್ನಾಗಿ ಎತ್ತಿ ಹಿಡಿಯುತ್ತದೆ.

ಅಂಡಮಾನಿನಲ್ಲಿ ಹೆಚ್ಚಿನವರು ಹೋಗುವುದು ಹ್ಯಾವ್‌ಲಾಕ್ ದ್ವೀಪದ ಎಲಿಫೆಂಟ್ ಬೀಚ್‌ಗೆ. ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು. ಅಲ್ಲಿ ದಡದ ಹತ್ತಿರವೇ ಹವಳ ಇದೆ. ಈಜು ಬಾರದವರಿಗೆ ಒಂದು ಟ್ಯೂಬ್ ಕೊಟ್ಟು, ಗೈಡ್ ಹಗ್ಗ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಇಳಿಯುವ ಮೊದಲೇ ಅವನ ಹತ್ತಿರ ಮಾತಾಡಿ: "ನಾನು ನಿಲ್ಲಿಸು ಅಂದ ಕಡೆ ನಿಲ್ಲಿಸಬೇಕು." ಕೈಸನ್ನೆಯನ್ನೂ ತಿಳಿದುಕೊಳ್ಳಿ. ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ ಚೆನ್ನಾಗಿದ್ದೀನಿ ಅಂತ. ಡೈವಿಂಗ್ ಕಲಿತವರು ಹೆಬ್ಬೆರಳು ಎತ್ತಿದರೆ "ಮೇಲೆ ಹೋಗೋಣ" ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಫೋಟೋ ತೆಗೆಯುವಾಗ ಹವಳದ ಮೇಲೆ ನಿಲ್ಲಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಜಾಕೆಟ್‌ಗೆ ತೊಡೆಯ ಮಧ್ಯೆ ಹಾಕುವ ಪಟ್ಟಿ ಇದ್ದರೆ ಕಟ್ಟಿಸಿಕೊಳ್ಳಿ, ಇಲ್ಲದಿದ್ದರೆ ಅದು ಕಿವಿವರೆಗೆ ಏರುತ್ತದೆ. ಕಾಲಿಗೆ ಹಾಕುವ, ಬಾತುಕೋಳಿ ಪಾದದಂಥ ಫಿನ್ಸ್ ಈ ಸಲ ಬೇಡ. ಅಭ್ಯಾಸ ಇಲ್ಲದವರ ಫಿನ್ಸ್ ಏಟಿಗೆ ಕೊಂಬೆ ಕೊಂಬೆಯಾಗಿ ಬೆಳೆದ ಹವಳ ಸುಲಭವಾಗಿ ಮುರಿಯುತ್ತದೆ.

ಇನ್ನು ನಿಮ್ಮ ಯಜಮಾನರ ವಿಷಯ. ಹೊರಡುವ ಮೊದಲು ಡಾಕ್ಟರಿಗೆ ತೋರಿಸಿ. ಬಿಪಿ, ಎದೆನೋವು, ಆಸ್ತಮಾ, ಫಿಟ್ಸ್ ಯಾವುದಿದ್ದರೂ ಮುಚ್ಚಿಡಬೇಡಿ. ಕೊಳವೆಯಿಂದ ಉಸಿರಾಡುವಾಗ ಎದೆಗೆ ಕೆಲಸ ಜಾಸ್ತಿ. ಹವಾಯಿ, ಆಸ್ಟ್ರೇಲಿಯಾಗಳಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಾ ತೀರಿಕೊಂಡವರಲ್ಲಿ ನಡುವಯಸ್ಸು ದಾಟಿದ ಗಂಡಸರೇ ಜಾಸ್ತಿ. ಹಲವರಿಗೆ ಹೃದಯದ ತೊಂದರೆ ಇತ್ತು. ಹೆದರಿಸಲು ಹೇಳುತ್ತಿಲ್ಲ. ಡಾಕ್ಟರ್ ಬೇಡ ಅಂದರೆ ಅವರು ದಡದಲ್ಲಿ ಕೂರಲಿ, ನೀವು ಇಳಿಯಿರಿ. ಬೆಳಿಗ್ಗೆಯೇ ಹೋಗಿ. ಅಂಡಮಾನಿನಲ್ಲಿ ನಮ್ಮೂರಿಗಿಂತ ಬಹಳ ಬೇಗ ಕತ್ತಲಾಗುತ್ತದೆ.

ಸ್ನಾರ್ಕೆಲ್ ಕೊಳವೆ ತುಂಬಾ ಗಿಡ್ಡ ಇರುತ್ತದೆ. ಪಿವಿಸಿ ಪೈಪ್ ಜೋಡಿಸಿ ಉದ್ದ ಮಾಡಿಕೊಂಡರೆ ಇನ್ನೂ ಆಳಕ್ಕೆ ಹೋಗಬಹುದಲ್ಲವೇ? ಭದ್ರಾ ನಾಲೆಯಲ್ಲಿ ಅಥವಾ ಸೂಳೆಕೆರೆಯಲ್ಲಿ ಅಭ್ಯಾಸ ಮಾಡೋಣ ಅಂತ ನಾವು ಗೆಳೆಯರು ಯೋಚಿಸಿದ್ದೇವೆ.
– ಪಿ. ಎಂ., ಚನ್ನಗಿರಿ

ತಮ್ಮಾ, ಎರಡೂ ಬೇಡ.

ಕೊಳವೆ ಸಾಮಾನ್ಯವಾಗಿ 35–40 ಸೆಂಟಿಮೀಟರ್ ಇರುವುದಕ್ಕೆ ಕಾರಣ ಇದೆ. ಒಂದು ಮೀಟರ್ ಆಳದಲ್ಲಿ ನಿನ್ನ ಎದೆಯ ಪ್ರತಿ ಚದರ ಸೆಂಟಿಮೀಟರ್ ಮೇಲೆ 100 ಗ್ರಾಂ ನೀರಿನ ಭಾರ ಕೂರುತ್ತದೆ. ಎದೆಯ ಅಗಲ ಎಷ್ಟು ಅಂತ ಲೆಕ್ಕ ಹಾಕು. ಅಷ್ಟು ಭಾರ ಎತ್ತಿ ಶ್ವಾಸಕೋಶ ಹಿಗ್ಗಿಸಲು ನಮ್ಮ ಪಕ್ಕೆಲುಬಿನ ಸ್ನಾಯುಗಳಿಗೆ ಆಗುವುದಿಲ್ಲ. ಜೊತೆಗೆ ಉದ್ದ ಪೈಪಿನಲ್ಲಿ ನೀನು ಬಿಟ್ಟ ಗಾಳಿ ಹೊರಗೇ ಹೋಗದೆ ಮತ್ತೆ ನಿನ್ನೊಳಗೇ ಬರುತ್ತದೆ. ಕೆಲವೇ ಉಸಿರಿನಲ್ಲಿ ತಲೆ ತಿರುಗುತ್ತದೆ.

ಇನ್ನೊಂದು ಮಾತು, ಇದನ್ನು ನಿನ್ನ ಗೆಳೆಯರಿಗೂ ಓದಿ ಹೇಳು. ಆಳಕ್ಕೆ ಮುಳುಗುವ ಮೊದಲು ಹುಡುಗರು ಜೋರು ಜೋರಾಗಿ ಉಸಿರಾಡುತ್ತಾರೆ. ಹಾಗೆ ಮಾಡಿದರೆ ಜಾಸ್ತಿ ಹೊತ್ತು ಇರಬಹುದು ಅಂತ ನಂಬಿಕೆ. ಉಸಿರು ಬೇಕು ಅಂತ ನಮ್ಮ ದೇಹಕ್ಕೆ ಅನಿಸುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಜೋರಾಗಿ ಉಸಿರಾಡಿ ಅದನ್ನು ಮೊದಲೇ ಹೊರಗೆ ಹಾಕಿಬಿಟ್ಟರೆ ಆ ಎಚ್ಚರಿಕೆ ತಡವಾಗುತ್ತದೆ. ಅಷ್ಟರೊಳಗೆ ಆಮ್ಲಜನಕ ಮುಗಿದಿರುತ್ತದೆ. ಯಾವ ಸೂಚನೆಯೂ ಇಲ್ಲದೆ ನೀರೊಳಗೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜುವ ಗಟ್ಟಿ ಹುಡುಗರೇ ಹೀಗೆ ಹೋಗುತ್ತಾರೆ.

ಭದ್ರಾ ನಾಲೆಯಂತೂ ಬೇಡವೇ ಬೇಡ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಇದೆ. ಇಳಿಜಾರು ಗೋಡೆ ಪಾಚಿಗಟ್ಟಿ ಜಾರುತ್ತದೆ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಸೂಳೆಕೆರೆಯ ನೀರು ಕದಡಿರುತ್ತದೆ, ಪಕ್ಕದವನು ಮುಳುಗಿದರೂ ಕಾಣುವುದಿಲ್ಲ. ಕಾವಲು ಇರುವ ಈಜುಕೊಳಕ್ಕೆ ಬಾ. ಮಾಸ್ಕ್ ತಂದರೆ ನಾನೇ ನಿಂತು ಹೇಳಿಕೊಡುತ್ತೇನೆ.

ನನಗೆ ದಪ್ಪ ಮೀಸೆ, ಕನ್ನಡಕ ಎರಡೂ ಇವೆ. ಮಾಸ್ಕ್ ಹಾಕಲು ಆಗುತ್ತದಾ?
– ಟಿ. ಆರ್., ಹೊಳಲ್ಕೆರೆ

ಆಗುತ್ತದೆ. ಮೂಗಿನ ಕೆಳಗೆ ಮಾಸ್ಕ್‌ನ ಅಂಚು ಕೂರುವ ಜಾಗದಲ್ಲಿ ಒಂದು ಗೆರೆಯಷ್ಟು ಕೂದಲು ಬೋಳಿಸಿದರೆ ನೀರು ಸೋರುವುದಿಲ್ಲ. ಅದಕ್ಕೆ ಮನಸ್ಸಿಲ್ಲದಿದ್ದರೆ ಮೀಸೆಗೆ ದಪ್ಪವಾಗಿ ವ್ಯಾಸಲಿನ್ ಹಚ್ಚಿ, ಸ್ವಲ್ಪ ಸೋರುತ್ತದೆ ಅಷ್ಟೇ. ಕನ್ನಡಕ ಮಾಸ್ಕ್ ಒಳಗೆ ಹೋಗುವುದಿಲ್ಲ, ಅದರ ಕಡ್ಡಿಯಿಂದ ನೀರು ಬರುತ್ತದೆ. ಪವರ್ ಗಾಜು ಹಾಕಿದ ಮಾಸ್ಕ್ ಸಿಗುತ್ತದೆ. ನೀರಿನಲ್ಲಿ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. ಹಾಗಾಗಿ ಕಡಿಮೆ ಪವರ್ ಇದ್ದವರು ಸಾದಾ ಮಾಸ್ಕ್‌ನಲ್ಲೂ ಸಾಕಷ್ಟು ನೋಡಬಹುದು. ಗಾಜಿಗೆ ಹಬೆ ಕಟ್ಟಿದರೆ ಒಳಗೆ ಎಂಜಲು ಸವರಿ ತೊಳೆಯಿರಿ. ಮುಜುಗರವಾದರೆ ಒಂದು ಹನಿ ಬೇಬಿ ಶಾಂಪೂ.

ಲಕ್ಷದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡಿದೆವು. ಕೆಲವು ಹವಳ ಹಾಲಿನಷ್ಟು ಬೆಳ್ಳಗಿದ್ದವು. ಎಷ್ಟು ಚೆಂದ ಅಂತ ಫೋಟೋ ತೆಗೆದೆ. ಗೈಡ್ ಬೇಸರದಿಂದ ನೋಡಿದರು. ಯಾಕೆ? ಹವಳ ಕಲ್ಲೋ, ಗಿಡವೋ?
– ಎನ್. ಜಿ., ಚಿತ್ರದುರ್ಗ

ನಿಮ್ಮ ಪತ್ರ ಓದಿ ನನಗೂ ಸಂಕಟವಾಯಿತು. ಆ ಬಿಳುಪು ಹವಳದ ಆರೋಗ್ಯ ಕೆಟ್ಟಿದ್ದರ ಗುರುತು.

ಹವಳ ಒಂದು ಪ್ರಾಣಿ. ಪಾಲಿಪ್ ಅಂತ ಹೆಸರು. ಹೆಚ್ಚಿನವು ಕೆಲವೇ ಮಿಲಿಮೀಟರ್ ಅಗಲ. ಮೆತ್ತಗಿನ ಮೈ, ಬಾಯಿಯ ಸುತ್ತ ಪುಟ್ಟ ಬೆರಳುಗಳು. ಸಾವಿರಾರು ಪಾಲಿಪ್‌ಗಳು ಅಂಟಿಕೊಂಡು ಬಾಳುತ್ತವೆ. ಸಮುದ್ರದ ನೀರಿನಿಂದ ಸುಣ್ಣ ತೆಗೆದು ತಮ್ಮ ಕೆಳಗೆ ಕಲ್ಲಿನಂಥ ಗೂಡು ಕಟ್ಟಿಕೊಳ್ಳುತ್ತವೆ. ನಾವು ಕಲ್ಲು ಅಂದುಕೊಳ್ಳುವುದು ಈ ಗೂಡನ್ನು. ಗುಂಡಗೆ ಬಂಡೆಯಂತೆ ಬೆಳೆಯುವ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ. ನಿಮ್ಮ ಮೊಣಕಾಲಿನ ಎತ್ತರದ ಹವಳ ಕಂಡರೆ ಅದಕ್ಕೆ ನಲವತ್ತು-ಐವತ್ತು ವರ್ಷ ಆಗಿರಬಹುದು.

ಆ ಪಾಲಿಪ್‌ನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಹೆಚ್ಚಿನ ಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳ ಅದಕ್ಕೆ ಮನೆ ಕೊಡುತ್ತದೆ. ಹವಳದ ಕಂದು, ಹಸಿರು ಬಣ್ಣಗಳಲ್ಲಿ ಬಹುಪಾಲು ಈ ಪಾಚಿಯದ್ದೇ. ಸಮುದ್ರದ ನೀರು ಮಾಮೂಲಿ ಬೇಸಿಗೆಗಿಂತ ಒಂದೇ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ಇದ್ದರೆ ಈ ಸಂಬಂಧ ಮುರಿಯುತ್ತದೆ. ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ. ಮೈ ಪಾರದರ್ಶಕವಾಗಿ ಒಳಗಿನ ಬಿಳಿ ಸುಣ್ಣ ಕಾಣುತ್ತದೆ. ನೀವು ಫೋಟೋ ತೆಗೆದದ್ದು ಅದನ್ನು.

ಬೆಳ್ಳಗಾದ ಕೂಡಲೇ ಹವಳ ಸಾಯುವುದಿಲ್ಲ. ಆಗಲೂ ಜೀವ ಇರುತ್ತದೆ, ಹೊಟ್ಟೆಗೆ ಸಾಲದೆ ಕಾಯುತ್ತಿರುತ್ತದೆ. ನೀರು ಬೇಗ ತಣ್ಣಗಾದರೆ ಪಾಚಿ ಮರಳಿ ಸೇರಿಕೊಂಡು ಬಣ್ಣ ಬರುತ್ತದೆ. ಬಿಸಿ ಮುಂದುವರಿದರೆ ಸಾಯುತ್ತದೆ, ಆಮೇಲೆ ಅದರ ಮೇಲೆ ಹಸಿರು-ಕಂದು ಲೋಳೆ ಬೆಳೆಯುತ್ತದೆ. ಲಕ್ಷದ್ವೀಪದ ಹವಳಕ್ಕೆ 1998, 2010, 2016ರಲ್ಲಿ ಇಂಥ ಪೆಟ್ಟು ಬಿತ್ತು. 2024ರಲ್ಲಿ ಮತ್ತೆ ಬಿತ್ತು. ಆ ವರ್ಷ ಅಟ್ಲಾಂಟಿಕ್, ಪೆಸಿಫಿಕ್, ಹಿಂದೂ ಮಹಾಸಾಗರ ಮೂರರಲ್ಲೂ ಹವಳ ಬೆಳ್ಳಗಾಯಿತು. ಒಂದು ಸಲದ ಪೆಟ್ಟಿನಿಂದ ಚೇತರಿಸಿಕೊಳ್ಳಲು ವರ್ಷಗಟ್ಟಲೆ ಬೇಕು. ಈಗ ಆ ಬಿಡುವೇ ಸಿಗುತ್ತಿಲ್ಲ.

ಹವಳ ಹೋದರೆ ಬರೀ ಚೆಂದ ಹೋಗುವುದಿಲ್ಲ. ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲ 32 ಚದರ ಕಿಲೋಮೀಟರ್ ಅಷ್ಟೇ. ಆ ನೆಲ ನಿಂತಿರುವುದೇ ಹವಳದ ಮೇಲೆ, ದೊಡ್ಡ ಅಲೆಗಳನ್ನು ತಡೆಯುವುದೂ ಸುತ್ತಲಿನ ಹವಳದ ದಿಬ್ಬವೇ. ಸಮುದ್ರದ ತಳದಲ್ಲಿ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಜಾಗ ಹವಳದ್ದು. ಕಡಲಿನ ಜೀವಜಾತಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಅದೇ ಆಸರೆ. ಗಿಳಿಮೀನು ನೋಡಿರಬೇಕು ನೀವು, ಹಸಿರು-ನೀಲಿ ಬಣ್ಣದ್ದು, ಗಿಣಿ ಕೊಕ್ಕಿನಂಥ ಬಾಯಿ. ಕಿವಿಗೊಟ್ಟರೆ ಅದು ಹವಳವನ್ನು ಕರುಕುರು ಕೆರೆಯುವ ಸದ್ದು ನೀರೊಳಗೆ ಕೇಳುತ್ತದೆ. ಅಲ್ಲಿರುವ ಪಾಚಿ ತಿಂದು, ನುಂಗಿದ ಸುಣ್ಣವನ್ನು ಪುಡಿಯಾಗಿ ಹೊರಗೆ ಬಿಡುತ್ತದೆ. ಅಲ್ಲಿಯ ಬಿಳಿ ಮರಳಿನಲ್ಲಿ ಒಂದು ಪಾಲು ಹೀಗೆ ಬಂದದ್ದು.

ಆ ಫೋಟೋ ಅಳಿಸಬೇಡಿ. ದಿನಾಂಕ, ಜಾಗ ಬರೆದಿಡಿ. ನಿಮ್ಮ ಮಕ್ಕಳಿಗೆ, ಶಾಲೆಯ ಮಕ್ಕಳಿಗೆ ತೋರಿಸಿ, ಏನಾಗಿದೆ ಅಂತ ಹೇಳಿ.

ನೆಂಟರೊಬ್ಬರ ಶೋಕೇಸ್‌ನಲ್ಲಿ ಹವಳದ ತುಂಡು ನೋಡಿದೆ. ನಮ್ಮ ಅತ್ತೆಯವರಿಗೂ ದೇವರ ಮನೆಯಲ್ಲಿಡಲು ಒಂದು ಬೇಕಂತೆ. ದಡದಲ್ಲಿ ಬಿದ್ದದ್ದನ್ನು ತಂದರೆ ತಪ್ಪೇನು?
– ಎಲ್. ವಿ., ಹಿರಿಯೂರು

ತರಬೇಡಿ. ರೀಫ್, ಅಂದರೆ ಹವಳದ ದಿಬ್ಬ, ಕಟ್ಟುವ ಗಟ್ಟಿ ಹವಳವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆ ಮಾಡುವಾಗ ಇದನ್ನು ಹುಡುಕುತ್ತಾರೆ. ಸಿಕ್ಕರೆ ಕೇಸಾಗಬಹುದು. ಹಲವು ಬಗೆಯ ಚಿಪ್ಪುಗಳಿಗೂ ಇದೇ ಕಾನೂನು.

ಕಾನೂನು ಬಿಡಿ. ದಡಕ್ಕೆ ಬಿದ್ದ ತುಂಡು ಪುಡಿಯಾಗಿ ಮರಳಾಗಬೇಕು. ಖಾಲಿ ಚಿಪ್ಪಿನೊಳಗೆ ಸನ್ಯಾಸಿ ಏಡಿ ಮನೆ ಮಾಡಬೇಕು. ಅತ್ತೆಯವರಿಗೆ ಹೇಳಿ, ಹವಳ ಅಂದರೆ ಜೀವ, ಅದರ ಗೂಡು ಅಲ್ಲೇ ಇರಲಿ ಅಂತ. ಹಿರಿಯರು ಇಂಥ ಮಾತನ್ನು ಬೇಗ ಒಪ್ಪುತ್ತಾರೆ, ನಾನು ನೋಡಿದ್ದೇನೆ.

ನನ್ನ ಉಂಗುರದಲ್ಲಿರುವ ಕೆಂಪು ಹವಳವೂ ಇದೇನಾ?
– ಎಂ. ಬಿ., ಹರಿಹರ

ಅಲ್ಲ. ಒಡವೆಯ ಹೆಸರಾಂತ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು. ಬೇರೆ ಜಾತಿ. ಬೆಳಕು ಕಡಿಮೆ ಇರುವ ಆಳದಲ್ಲಿ, ಬಂಡೆಗಳ ಸಂದಿಯಲ್ಲಿ ಬೆಳೆಯುತ್ತದೆ, ಬಹಳ ನಿಧಾನ. ಸ್ನಾರ್ಕೆಲಿಂಗ್‌ನಲ್ಲಿ ಅದು ಕಾಣುವುದಿಲ್ಲ.

ಅಂಡಮಾನ್, ಲಕ್ಷದ್ವೀಪ ಎರಡೂ ದುಬಾರಿ. ನಮ್ಮ ರಾಜ್ಯದ ನೇತ್ರಾಣಿಯೇ ಸಾಕಲ್ಲವೇ?
– ಡಿ. ಕೆ., ಹೊಸದುರ್ಗ

ಈಜು ಬರುವವರಿಗೆ ಸಾಕು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ಕಡಲ ನಡುವೆ ಇದೆ. ಶಿವಮೊಗ್ಗ, ಸಾಗರ, ಹೊನ್ನಾವರ ದಾಟಿ ಬಸ್ಸಿನಲ್ಲೇ ಮುರುಡೇಶ್ವರ ತಲುಪಬಹುದು. ಅಲ್ಲಿಂದ ದೋಣಿ. ಮಳೆಗಾಲದಲ್ಲಿ ಹೋಗಲಾಗದು. ಬಂಡೆಯ ದ್ವೀಪ, ಸುತ್ತ ನೀರು ಆಳ, ಕಾಲೂರಲು ಮರಳಿನ ದಡ ಇಲ್ಲ. ದೋಣಿಯಿಂದಲೇ ನೀರಿಗೆ ಇಳಿಯಬೇಕು. ಹವಳ ಇದೆ, ಮೀನು ಬೇಕಾದಷ್ಟಿವೆ. ಹೊಸಬರಿಗೆ, ಭಯ ಇರುವವರಿಗೆ ಮಾತ್ರ ನಾನು ಇದನ್ನು ಮೊದಲ ಜಾಗವಾಗಿ ಹೇಳುವುದಿಲ್ಲ.

ಹೊಸಬರಿಗೆ ಲಕ್ಷದ್ವೀಪದ ಲಗೂನ್‌ಗಳು ಎಲ್ಲಕ್ಕಿಂತ ಒಳ್ಳೆಯವು. ಸುತ್ತ ಹವಳದ ದಿಬ್ಬ ಅಲೆ ತಡೆಯುತ್ತದೆ, ಒಳಗೆ ನೀರು ಆಳವಿಲ್ಲದೆ ತಿಳಿಯಾಗಿರುತ್ತದೆ. ಕೊಚ್ಚಿಯಿಂದ ಅಲ್ಲಿಯ ಅಗತ್ತಿ ದ್ವೀಪಕ್ಕೆ ವಿಮಾನ, ಇಲ್ಲವೇ ಹಡಗು. ನಾವು ಭಾರತೀಯರಾದರೂ ಪರ್ಮಿಟ್ ಬೇಕು, ಮೊದಲೇ ಮಾಡಿಸಿ. ಅಂಡಮಾನಿನ ಸಾಮಾನ್ಯ ಪ್ರವಾಸಿ ದ್ವೀಪಗಳಿಗೆ ನಮಗೆ ಪರ್ಮಿಟ್ ಬೇಕಿಲ್ಲ. ಹಳೆಯ ಕೆಂಪು 20 ರೂಪಾಯಿ ನೋಟಿನ ಹಿಂದೆ ತೆಂಗಿನ ಮರಗಳ ದಡ ಇತ್ತಲ್ಲ, ಅದು ಅಲ್ಲಿಯ ನಾರ್ತ್ ಬೇ. ಅಲ್ಲೂ ಸ್ನಾರ್ಕೆಲಿಂಗ್ ಇದೆ, ಜನ ಜಾಸ್ತಿ. ನನಗೆ ಇಷ್ಟವಾದದ್ದು ವಂಡೂರಿನಿಂದ ದೋಣಿಯಲ್ಲಿ ಹೋಗುವ ಜಾಲಿ ಬಾಯ್ ದ್ವೀಪ. ಸಂರಕ್ಷಿತ ಜಾಗ, ಪ್ಲಾಸ್ಟಿಕ್ ಚೀಲ ಒಯ್ಯಲು ಬಿಡುವುದಿಲ್ಲ. ಅದರ ಫಲ ನೀರಿನಲ್ಲಿ ಕಣ್ಣಿಗೆ ಕಾಣುತ್ತದೆ.

ಒಂಬತ್ತು ವರ್ಷದ ಮಗಳಿಗೆ ಮೀನು ಕಚ್ಚುತ್ತದೆ ಅಂತ ಭಯ. ನಿಜವಾಗಿ ಯಾವುದಕ್ಕೆ ಹೆದರಬೇಕು? ಸನ್‌ಸ್ಕ್ರೀನ್ ಯಾವುದು ಹಚ್ಚಲಿ?
– ಆರ್. ಹೆಚ್., ದಾವಣಗೆರೆ

ರೀಫ್‌ನ ಹೆಚ್ಚಿನ ಮೀನುಗಳು ಮಕ್ಕಳನ್ನು ಕಂಡರೆ ತಾವೇ ದೂರ ಸರಿಯುತ್ತವೆ. ಬ್ರೆಡ್, ಬಿಸ್ಕತ್ತು ಹಾಕಿ ರೂಢಿ ಮಾಡಿಸಿದ ಕಡೆ ಮೈಮೇಲೆ ಬರುತ್ತವೆ. ಹಾಗಾಗಿ ತಿನ್ನಿಸಬೇಡಿ, ಅವುಗಳ ಹೊಟ್ಟೆಗೂ ಅದು ಒಳ್ಳೆಯದಲ್ಲ. ಹೂವಿನಂತೆ ಕಾಣುವ ಕಡಲ ಪ್ರಾಣಿ ಅನಿಮೋನಿನೊಳಗೆ ಇರುವ ಕಿತ್ತಳೆ-ಬಿಳಿ ಪಟ್ಟೆಯ ಪುಟ್ಟ ಮೀನನ್ನು ಅವಳಿಗೆ ತೋರಿಸಿ. ಆ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಮನೆಯ ಯಜಮಾನಿ. ಅವಳು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಇದನ್ನು ಮೊದಲೇ ಹೇಳಿದರೆ ಅವಳ ಭಯ ಕುತೂಹಲವಾಗುತ್ತದೆ.

ಎಚ್ಚರ ಬೇಕಾದ್ದು ಕೈಕಾಲು ಇಡುವ ಜಾಗದ ಬಗ್ಗೆ. ಕಡಲ ಮುಳ್ಳುಚೆಂಡು, ಸಿಂಹಮೀನು, ಕಲ್ಲಿನಂತೆಯೇ ಕಾಣುವ ಕಲ್ಲುಮೀನು, ಇವೆಲ್ಲ ತಾವಾಗಿ ಬರುವುದಿಲ್ಲ. ನಾವು ತುಳಿದರೆ, ಮುಟ್ಟಿದರೆ ಚುಚ್ಚುತ್ತವೆ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳೂ ಇವೆ. ಮೊಸಳೆಯ ಎಚ್ಚರಿಕೆ ಫಲಕ ಇರುವ ಕಡೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಳ್ಳದ ಹತ್ತಿರ ಇಳಿಯಲೇಬೇಡಿ.

ಮೊದಲ ಸನ್‌ಸ್ಕ್ರೀನ್ ಬಟ್ಟೆ. ತುಂಬು ತೋಳಿನ ಈಜು ಅಂಗಿ ಹಾಕಿಸಿ. ಬೋರಲು ಮಲಗಿದಾಗ ಸುಡುವುದು ಬೆನ್ನು, ಕತ್ತು, ಮೊಣಕಾಲಿನ ಹಿಂಭಾಗ. ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇಲ್ಲದ್ದನ್ನು ನೋಡಿ, ಸತುವಿನ ಆಕ್ಸೈಡ್ ಇರುವುದು ಒಳ್ಳೆಯದು. ಹವಳಕ್ಕೆ ಕೆಡುಕು ಅಂತ ಆ ಎರಡು ರಾಸಾಯನಿಕ ಇರುವ ಕ್ರೀಮ್ ಮಾರಾಟವನ್ನು ಹವಾಯಿ 2021ರಿಂದ ನಿಲ್ಲಿಸಿದೆ.

ಮುಳ್ಳು ಚುಚ್ಚಿದರೆ ತಣ್ಣೀರು, ಐಸ್ ಬೇಡ. ಚುಚ್ಚಿದ ಜಾಗವನ್ನು ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ, ಅಂದರೆ ಸುಮಾರು 45 ಡಿಗ್ರಿಯಲ್ಲಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಿ. ಈ ಮೀನುಗಳ ವಿಷ ಬಿಸಿಗೆ ಕೆಡುತ್ತದೆ, ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಮೊದಲು ನಿಮ್ಮ ಕೈಯಿಂದ ನೋಡಿ, ನೋವಿನಲ್ಲಿರುವ ಮಗುವಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ. ಕಲ್ಲುಮೀನು ಚುಚ್ಚಿದ್ದು ಅಂತ ಅನುಮಾನ ಬಂದರೆ ಬಿಸಿನೀರಿನ ಜೊತೆಗೇ ಆಸ್ಪತ್ರೆಗೆ ಹೊರಡಿ. ಹವಳ ತಾಗಿ ಆದ ಗೀರು ಸಣ್ಣದಾದರೂ ಬೇಗ ಕೀವಾಗುತ್ತದೆ, ಆ ದಿನವೇ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ.